ಬಿಸಿ ಎರಕದ ಮೇಲೆ ಹಾಕಿದ ಸಹಿ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯ ಅಂಗಳದಲ್ಲಿ ಉಳಿದುಹೋಗಿದ್ದ ಒಂದೇ ಒಂದು ಬ್ರೇಕ್ ಡ್ರಮ್ಮನ್ನು ಸಮೃದ್ಧಿ ಮರದ ಕೊಡತಿಯಿಂದ ಮೆಲ್ಲಗೆ ಬಾರಿಸಿದಳು. ಗಂಟೆಯಂತೆ ನುಡಿಯಬೇಕಾಗಿದ್ದ ಕಬ್ಬಿಣ ಕೊಳೆತ ಕುಂಬಳಕಾಯಿಯಂತೆ ದಬ್ಬೆಂದಿತು. ಒಳಗೆಲ್ಲೋ ಬಿರುಕು ಬಿಟ್ಟಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ಬೆಳಿಗ್ಗೆ ತಾನೇ ಎಳೆದ ಸುಣ್ಣದ ಗೀಟು ಅದರ ಮೈಮೇಲೆ ಇನ್ನೂ ಬೆಳ್ಳಗಿತ್ತು.

ಅದರೊಡನೆ ಎರೆದ ನೂರಿಪ್ಪತ್ತು ಡ್ರಮ್ಮುಗಳು, ಅವಳ ಸಹಿಯ ಪರೀಕ್ಷಾಪತ್ರ ಸಮೇತ, ಗೋವೆಯ ದಾರಿ ಹಿಡಿದಾಗಿತ್ತು. ಕಲ್ಲು ಹೇರುವ ಟ್ರಾಲಿಗಳಿಗೆ ಕೂಡಿಸುವಂಥವು. ಇಳಿಜಾರಿನಲ್ಲಿ ಒಂದು ಒಡೆದರೂ ಯಾರದೋ ಮನೆಯ ದೀಪ ಆರಿದಂತೆಯೇ.

ಎರಕ ಪೂರ್ತಿ ತಣಿದ ಮೇಲೆಯೇ ಬಾರಿಸಿ ನೋಡಬೇಕೆಂಬ ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಲಾರಿ ಬಾಗಿಲಲ್ಲಿ ನಿಂತಿತ್ತು. ಅವಳ ಒಂದು ವರ್ಷದ ಉಮೇದುವಾರಿ ಅಂದೇ ಮುಗಿಯುವುದಿತ್ತು. ಸಂಜೆ ಐದಕ್ಕೆ ಮ್ಯಾನೇಜರ್ ಪ್ರಸಾದ ಸಾಹೇಬರು ನೌಕರಿ ಕಾಯಂ ಮಾಡಿದ ಆದೇಶ ಕೊಡುವವರಿದ್ದರು. ಅವಸರ ಮಾಡೆಂದು ಯಾರೂ ಹೇಳಿರಲಿಲ್ಲ. ಚುರುಕಿನವಳೆನ್ನಿಸಿಕೊಳ್ಳುವ ಆಸೆಯೊಂದೇ ಅವಳಿಗೆ ಕೈಗವಸು ತೊಡಿಸಿ, ಬೆಚ್ಚಗಿದ್ದ ಲೋಹವನ್ನೇ ಪರೀಕ್ಷೆಗೆ ಒಡ್ಡಿಸಿತ್ತು.

ಖಾನಾಪುರದ ಕುಂಬಾರ ಸೋಮಲಿಂಗಪ್ಪನವರ ಮಗಳು ಮಾಡಬಾರದ ತಪ್ಪು ಇದು. ಮಡಕೆ ಸುಡುವ ಆವಿಗೆ ಬಿಚ್ಚಿದ ದಿನ ಗಿರಾಕಿಗಳು ಸಾಲುಗಟ್ಟಿದರೂ ಅವರು ಗಡಿಗೆಗಳನ್ನು ಮುಟ್ಟಗೊಡುತ್ತಿರಲಿಲ್ಲ. ಬಿಸಿಯಿರುವ ತನಕ ಎಲ್ಲವೂ ಚೆನ್ನಾಗಿಯೇ ನುಡಿಯುತ್ತವೆ, ಬಿರುಕು ಬಾಯಿ ಬಿಡುವುದು ಆರುವಾಗ ಎನ್ನುತ್ತಿದ್ದರು. ಆರಿದ ಬಳಿಕ ಒಂದೊಂದನ್ನೇ ಬೆರಳ ಮೇಲೆ ತೂಗಿ, ಬಾರಿಸಿ, ಕಣ್ಣುಮುಚ್ಚಿ ಕೇಳುತ್ತಿದ್ದರು. ಕೈಯಿಂದಾದ ಕೆಲಸ ಕೊರಳ ಇಷ್ಟಲಿಂಗದ ಮುಂದೆ ಇಟ್ಟು ತೋರಿಸುವಂತಿರಬೇಕೆಂಬುದು ಅವರ ನಿಷ್ಠೆ. ಎಂಟು ವರ್ಷದ ಮಗಳಿಗೆ ತಿಗರಿ ತಿರುಗಿಸುವುದಕ್ಕಿಂತ ಮೊದಲು ಕಲಿಸಿದ್ದು ಈ ಕೇಳುವಿಕೆಯನ್ನೇ. ಆ ಕಿವಿಯೇ ಅವಳಿಗೆ ಈ ಅನ್ನವನ್ನು ಕೊಟ್ಟಿತ್ತು.

ಲಾರಿಯ ಚಾಲಕ ಕಲ್ಲಯ್ಯ ಗಾಡಿ ನಡೆಸುವಾಗ ಫೋನೆತ್ತುವವನಲ್ಲ. ಮೂರು ಸಲ ಮಾಡಿದಳು. ಮೂರು ಸಲವೂ ರಿಂಗಾಗಿ ರಿಂಗಾಗಿ ನಿಂತಿತು. ಘಟ್ಟ ಇಳಿಯುವ ಮುನ್ನ ಖಾನಾಪುರದ ಖಾನಾವಳಿಯಲ್ಲಿ ಉಂಡೇ ಹೋಗುವುದು ಅವನ ವಾಡಿಕೆ. ಅಲ್ಲಿ ಅವನನ್ನು ತಡೆಯಬಲ್ಲವರು ಒಬ್ಬರೇ. ಅವರ ಮುಂದೆ ಈ ಮಾತು ಆಡುವುದಕ್ಕಿಂತ ನೌಕರಿ ಕಳೆದುಕೊಳ್ಳುವುದೇ ಹಗುರವೆನ್ನಿಸಿ ಅರೆಗಳಿಗೆ ಹಿಂಜರಿದಳು. ಆದರೆ ಗಾಲಿಗಳು ಉರುಳುತ್ತಲೇ ಇದ್ದವು.

“ಅಪ್ಪಾ, ಬಿಸಿ ಇದ್ದಾಗನ ಬಾರಿಸಿ ಸಹಿ ಮಾಡೇನಿ. ಲಾರಿ ನಿಮ್ಮ ಕಡೆ ಹೊಂಟೈತಿ, ಊಟಕ್ಕ ಖಾನಾವಳಿ ಮುಂದ ನಿಲ್ತೈತಿ.”

ಲಾರಿಯ ನಂಬರಷ್ಟೇ ಕೇಳಿ ಅವರು ಫೋನಿಟ್ಟರು.

ಖಾನಾಪುರಕ್ಕೆ ಸ್ಕೂಟರಿನಲ್ಲಿ ಮುಕ್ಕಾಲು ತಾಸು. ಎದುರಿಗೆ ಬಂದ ಪ್ರತಿ ಗಾಡಿಯೂ ಲಾರಿ ಘಟ್ಟ ದಾಟಿದ ಸುದ್ದಿ ಹೊತ್ತು ಬಂದಂತೆ ಅವಳಿಗೆ ಭಾಸವಾಯಿತು. ಖಾನಾವಳಿಯ ಮುಂದೆ ಲಾರಿ ಕಂಡಾಗಲೇ ಅವಳು ಉಸಿರು ಬಿಟ್ಟಿದ್ದು. ಮುಂದಿನ ಗಾಲಿಗೆ ಬೆನ್ನು ಕೊಟ್ಟು ಸೋಮಲಿಂಗಪ್ಪ ನೆಲದ ಮೇಲೆ ಕುಳಿತಿದ್ದರು. ಮೊಣಕೈಯವರೆಗೆ ಒಣಗಿದ ಅರಲು ಮಣ್ಣು.

“ಬರ್ರಿ ಮೇಡಂ,” ಎಂದ ಕಲ್ಲಯ್ಯ. “ನಿಮ್ಮ ಅಪ್ಪಾರು ಗಾಲಿಗೆ ಕಲ್ಲ ಕೊಟ್ಟಂಗ ಕುಂತಾರ. ಹಾರ್ನ್ ಹೊಡದ್ರ ಪದ್ಮಾಸನ ಹಾಕ್ತಾರ್ರಿ.”

ಯಾರೂ ನಗಲಿಲ್ಲ. ಲಾರಿಯ ಹಿಂಬದಿಯ ಅಡ್ಡಪಟ್ಟಿಗೆ ಹಗ್ಗ ಬಿಗಿದು ಒಂದೊಂದೇ ಡ್ರಮ್ಮನ್ನು ತೂಗಿಬಿಡಲು ಮೂವರೂ ಸೇರಿ ಅಣಿಮಾಡಿದರು. ಸಮೃದ್ಧಿ ಕೊಡತಿಯನ್ನು ತಂದೆಯತ್ತ ಚಾಚಿದಳು. ಅವರು ಮುಟ್ಟಲಿಲ್ಲ.

“ಸಹಿ ಯಾರ್ದೈತಿ? ಕೈನೂ ಅವರ್ದ ಇರಬೇಕು.”

ಡ್ರಮ್ಮುಗಳು ಅಷ್ಟರಲ್ಲಿ ಪೂರ್ತಿ ತಣಿದಿದ್ದವು. ಅವಳು ಬಾರಿಸಿದಳು. ಮೊದಲನೆಯದು ನುಡಿಯಿತು. ಹತ್ತು ನುಡಿದವು, ನಲವತ್ತು ನುಡಿದವು, ನಲವತ್ತೊಂದನೆಯದು ದಬ್ಬೆಂದಿತು. ಮೂರೂವರೆಯ ಹೊತ್ತಿಗೆ ತೋಳು ಕಂಬದಂತೆ ಬಿಗಿದಿತ್ತು; ಬಿರುಕು ಬಿಟ್ಟ ಐದು ಡ್ರಮ್ಮುಗಳು ಬೇರೆಯಾಗಿ ನಿಂತಿದ್ದವು.

ಕಲ್ಲಯ್ಯ ದನಿ ತಗ್ಗಿಸಿದ. “ಈ ಐದು ನಿಮ್ಮ ಆವಿಗಿ ಹಿಂದ ಒಗೀರಿ. ಉಳದಾವ ಈಗ ಚೊಲೋ ಅದಾವು, ಖರೇ ಹೌದಿಲ್ಲೊ? ನಾ ಏನೂ ನೋಡಿಲ್ಲ. ಸಂಜಿ ಐದಕ್ಕ ನೀವು ಬೆಳಗಾವ್ಯಾಗ ಇರ್ತೀರಿ.”

ಆ ಮಾತಿನಲ್ಲಿ ಹುರುಳಿತ್ತು. ಅದೇ ಅದರ ವಿಷ. ಇನ್ನು ಯಾರ ಜೀವಕ್ಕೂ ಅಪಾಯವಿಲ್ಲ. ಸುಳ್ಳಾಗಿ ಉಳಿಯುವುದು ಒಂದು ಕಾಗದ ಮಾತ್ರ. ಅವಳ ಕಣ್ಣು ತಾನಾಗಿಯೇ ತಂದೆಯತ್ತ ಹೊರಳಿತು.

“ನನ್ನ ಮಾರಿ ನೋಡಬ್ಯಾಡ ತಂಗಿ,” ಎಂದರು ಅವರು. “ನಾ ಸತ್ತ ಮ್ಯಾಲೂ ನೀ ಬಾರಸಾಕಿ.”

ಅವಳು ಪ್ರಸಾದ ಸಾಹೇಬರಿಗೆ ಫೋನು ಮಾಡಿದಳು. ಎರಕ ಬಿಸಿಯಿದ್ದುದನ್ನು, ಲಾರಿ ತಡೆದುದನ್ನು, ಒಡೆದವು ಎಷ್ಟೆಂಬುದನ್ನು ಹೇಳಿದಳು. ಅವರು ಬೇಸರದಿಂದಲೇ, ಆ ಐದನ್ನು ಬಿಟ್ಟು ಮಿಕ್ಕವನ್ನು ಕಳಿಸಲು ಬರುತ್ತದೆಯೇ ಎಂದು ಕೇಳಿದರು.

“ಈ ಕಾಗದದ ಮ್ಯಾಲ ಬರಂಗಿಲ್ರಿ ಸರ್. ಮಾಲು ಚೊಲೋ ಐತಿ. ನನ್ನ ಸಹಿ ಸುಳ್ಳ ಐತಿ. ಇನ್ನೊಬ್ಬರು ಬಾರಿಸಿ ಹೊಸಾ ಪತ್ರ ಮಾಡಬೇಕ್ರಿ.”

ಸಾಹೇಬರು ತಮ್ಮ ತೀರ್ಮಾನ ಹೇಳಿದರು. ಗಾಡಿ ಕಾರ್ಖಾನೆಗೆ ಹೊಳ್ಳಿ ತರಬೇಕು. ಕಾಯಂ ಆದೇಶ ಇವತ್ತಿಲ್ಲ. ಇನ್ನೂ ಆರು ತಿಂಗಳು ಉಮೇದುವಾರಿ. ಆಮೇಲಿನದು ಆಮೇಲೆ.

ತಂದೆಗೆ ತಿಳಿಸಿದಾಗ ಅವರು ಭೇಷ್ ಎನ್ನಲಿಲ್ಲ, ಮರುಗಲೂ ಇಲ್ಲ. ಎದ್ದು ಧೋತರ ಕೊಡವಿ, ಇಕ್ಕಟ್ಟಿನ ರಸ್ತೆಯಲ್ಲಿ ಲಾರಿ ತಿರುಗಿಸಲು ಕಲ್ಲಯ್ಯನಿಗೆ ಕೈಸನ್ನೆ ಮಾಡುತ್ತ ಹಿಂದೆ ಹಿಂದೆ ನಡೆದರು. ಲಾರಿಯ ಮೂತಿ ಬೆಳಗಾವಿಯತ್ತ ಹೊರಳಿ ನಿಂತಿತು. ಸಮೃದ್ಧಿ ಮಾಲಿನೊಡನೆ ಹೊರಟಿದ್ದ ಪರೀಕ್ಷಾಪತ್ರದ ಮೂರೂ ಪ್ರತಿಗಳನ್ನು ಸ್ಕೂಟರಿನ ಸೀಟಿನ ಮೇಲೆ ಹರವಿ, ತನ್ನ ಸಹಿಯನ್ನು ಅಡ್ಡಗೀಟಿನಿಂದ ಹೊಡೆದುಹಾಕಿ, ಕಾರಣವನ್ನು ಪೂರ್ತಿಯಾಗಿ ಬರೆದು, ಕೆಳಗೆ ಮತ್ತೆ ತನ್ನ ಹೆಸರನ್ನು ಓದುವಂತೆ ಸ್ಪಷ್ಟವಾಗಿ ಬರೆದಳು.