ಬೀದಿಗೆಲ್ಲ ಒಂದೇ ನಮಸ್ಕಾರ

ಪಂಚಾಕ್ಷರಪ್ಪನವರ ಕೋಟಿಗೆ ಗುಂಡಿಗಳಿರಲಿಲ್ಲ. ಉದುರಿಹೋದದ್ದಲ್ಲ, ಹೊಲಿಸುವಾಗಲೇ ಬೇಡವೆಂದದ್ದು. ಬೆಳಿಗ್ಗೆ ಐದು ಗುಂಡಿ ಹಾಕಿ ಸಂಜೆ ಅದೇ ಐದು ಗುಂಡಿ ಬಿಚ್ಚುವುದರಲ್ಲಿ ಮನುಷ್ಯನ ಆಯುಷ್ಯ ಎಷ್ಟು ವ್ಯರ್ಥವಾಗುತ್ತದೆಂದು ದರ್ಜಿ ಮಕ್ತುಮ್ ಸಾಬರಿಗೆ ಸವಿಸ್ತಾರವಾಗಿ ವಿವರಿಸಿ, ಬೂದಿ ಬಣ್ಣದ ಒಂದೇ ತಾನಿನ ಬಟ್ಟೆಯಿಂದ ಒಂದೇ ಅಳತೆಯ ಮೂರು ಕೋಟು ಹೊಲಿಸಿದ್ದರು. ಗುಂಡಿಯಿಲ್ಲದ ಕೋಟು ತನ್ನ ಅಂಗಡಿಯಿಂದ ಹೊರಬಿದ್ದರೆ ಪೇಟೆಯಲ್ಲಿ ತನ್ನ ಮರ್ಯಾದೆ ಏನಾಗಬೇಕೆಂದು ನೊಂದುಕೊಂಡ ಮಕ್ತುಮ್ ಸಾಬರು, ಕೇಳದೆಯೇ ಒಳಗಡೆ ಎರಡು ಕೊಕ್ಕೆ ಕೂಡಿಸಿ ಕೊಟ್ಟಿದ್ದರಂತೆ. ಆ ಕೊಕ್ಕೆಗಳನ್ನು ಇವರು ಮುಟ್ಟಿದವರಲ್ಲ.

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಅವರು ಟೈಮ್‌ಕೀಪರ್. ೧೯೫೮ರಲ್ಲಿ ನಾನು ಅವರ ಕೈಕೆಳಗೆ ಗುಮಾಸ್ತನಾಗಿ ಸೇರಿದೆ. ಗಿರಣಿಗೆ ಹೋಗುವ ದಾರಿಯಲ್ಲಿ ಪರಿಚಿತರು ಹೆಜ್ಜೆಗೊಬ್ಬರು. ನಿಂತು ಕ್ಷೇಮ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಇವರು ಬೀದಿಯ ಆರಂಭದಲ್ಲಿ ಬಲಗೈ ಎತ್ತುತ್ತಿದ್ದರು, ಬೀದಿ ಮುಗಿದ ಮೇಲೆ ಇಳಿಸುತ್ತಿದ್ದರು. ನೇರ ದೃಷ್ಟಿ, ಒಂದೇ ಅಳತೆಯ ಹೆಜ್ಜೆ, ಬೀದಿಗೆಲ್ಲ ಸೇರಿ ಒಂದೇ ನಮಸ್ಕಾರ. ಹೊಸಬರು ಯಾರಾದರೂ ಇದೇಕೆ ಹೀಗೆಂದು ಕೇಳಿದರೆ ಅವರ ಉತ್ತರವೂ ಒಂದೇ: "ಅದು ಒಂದ್ಸಲ ತೀರ್ಮಾನ ಆಗೈತೆ."

ತೀರ್ಮಾನವಾಗದೆ ಉಳಿದದ್ದು ಅವರ ಬದುಕಿನಲ್ಲಿ ಏನೂ ಇರಲಿಲ್ಲ. ವಾರದ ಏಳು ದಿನಕ್ಕೆ ಏಳು ಸಾರು ಗೊತ್ತಾಗಿದ್ದವು. ಮಂಗಳವಾರ ಆನಗೋಡಿನಿಂದ ಯಾರಾದರೂ ಎಳೆ ಬದನೆಕಾಯಿ ತಂದುಕೊಟ್ಟರೆ, ಬದನೆಕಾಯಿಯ ಸರದಿಯಾದ ಗುರುವಾರದವರೆಗೂ ಅವು ಬುಟ್ಟಿಯಲ್ಲೇ ಬಾಡಬೇಕು. ಅವರ ಮಡದಿ ಅನ್ನಪೂರ್ಣಮ್ಮ ಒಮ್ಮೆ ನನಗೆ ರೊಟ್ಟಿ ಬಡಿಸುತ್ತ, "ಇವತ್ತು ಏನ್ ಮಾಡ್ಲಿ ಅಂತ ಗಂಡನ್ನ ಕೇಳೋ ಭಾಗ್ಯ ನನಗಿಲ್ಲ ನೋಡ್ರಿ" ಎಂದು ನಕ್ಕಿದ್ದರು. ಆ ನಗೆಯನ್ನು ನಾನು ಆಗ ತಮಾಷೆಯೆಂದೇ ತಿಳಿದಿದ್ದೆ.

ಹೀಗೆ ಉಳಿಸಿದ ಹೊತ್ತನ್ನೂ ಮನಶ್ಶಕ್ತಿಯನ್ನೂ ಅವರು ಏನು ಮಾಡುತ್ತಿದ್ದರು? ಯಾವುದೋ ಮಹತ್ಕಾರ್ಯಕ್ಕೆ ಕೂಡಿಡುತ್ತಿದ್ದಾರೆಂದು ನಾವೆಲ್ಲ ಭಾವಿಸಿದ್ದೆವು. ಸಂಜೆ ಹೋದಾಗಲೆಲ್ಲ ಅವರು ಜಗಲಿಯ ಮೇಲೆ ಕೈಕಟ್ಟಿ ಸುಮ್ಮನೆ ಕುಳಿತಿರುತ್ತಿದ್ದರು, ಅಷ್ಟೆ.

ಅವರಿಗೆ ಮರುಳಸಿದ್ದಮ್ಮ ಎಂಬ ಒಬ್ಬಳೇ ತಂಗಿ. ಎಳವೆಯಲ್ಲೇ ತಾಯಿ ತೀರಿದ್ದರಿಂದ ಅವಳ ತಲೆ ಬಾಚಿ ಜಡೆ ಹೆಣೆದು ಬೆಳೆಸಿದವರು ಇವರೇ. ಹರಿಹರಕ್ಕೆ ಕೊಟ್ಟಿದ್ದರು, ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಪಂಚಮಿ ಹಬ್ಬಕ್ಕೆ ಅಣ್ಣ ಉಂಡೆಯ ಬುಟ್ಟಿ ಹಿಡಿದು ಹೋಗಬೇಕು, ಹೆಣ್ಣನ್ನು ಕಳಿಸಿಕೊಡಿರೆಂದು ಕೇಳಬೇಕು. ಮನೆಯಲ್ಲಿ ಕೆಲಸ ಬಹಳವೆಂದು ಅತ್ತೆ ಒಲ್ಲೆನ್ನುತ್ತಾಳೆ. ಉಂಡು ಎಲೆಯಡಿಕೆ ಹಾಕಿಕೊಂಡು ಮತ್ತೆ ಕೇಳಬೇಕು, ಮತ್ತೆ ಒಲ್ಲೆನ್ನುತ್ತಾಳೆ. ಮೂರನೆಯ ಸಲ ಕೇಳಿದಾಗ, ಅಷ್ಟರಲ್ಲಿ ಒಳಗೆ ಪೆಟ್ಟಿಗೆ ಕಟ್ಟಿ ಮುಗಿದಿರುತ್ತದೆ, ಆಗಲಿ ಎನ್ನುತ್ತಾಳೆ. ಎಲ್ಲರಿಗೂ ಗೊತ್ತಿರುವ ಫಲಿತಾಂಶಕ್ಕಾಗಿ ಇಡೀ ದಿನ ಕಳೆಯುವುದು ಪಂಚಾಕ್ಷರಪ್ಪನವರಿಗೆ ಶುದ್ಧ ಅವಿವೇಕವಾಗಿ ಕಂಡಿತು. ೧೯೫೫ರಲ್ಲಿ ಒಂದು ಕಾರ್ಡು ಬರೆದರು: ಇನ್ನು ಮುಂದೆ ಪ್ರತಿವರ್ಷ ಹಬ್ಬದ ಹಿಂದಿನ ದಿನ ಒಂಬತ್ತರ ಗಾಡಿಗೆ ಬಂದುಬಿಡುವುದು, ಬೇರೆ ಕಾಗದ ಬರೆಯಲಾಗುವುದಿಲ್ಲ.

ತಂಗಿ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಮನೆ ಮಕ್ಕಳಲ್ಲಿ ಮುಳುಗಿ ತವರಿನ ಹಂಬಲ ಕಡಿಮೆಯಾಗಿರಬೇಕೆಂದು ಇವರು ತಿಳಿದರು. ಪ್ರತಿ ಶ್ರಾವಣದಲ್ಲೂ ಅನ್ನಪೂರ್ಣಮ್ಮ ಒಂದು ಸಲ ಹೋಗಿ ಕರೆದು ಬರ್ರಿ ಎಂದು ಹೇಳಿ ನೋಡುತ್ತಿದ್ದರು, ಅದೇ ಹಳೆಯ ಉತ್ತರ ಕೇಳಿ ತೊಲೆಗೆ ಕಟ್ಟಿದ ಜೋಕಾಲಿಯನ್ನು ಹಬ್ಬ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು.

ಒಂಬತ್ತು ವರ್ಷ ಹೀಗೆ ಹೋಯಿತು. ೧೯೬೪ರ ಆಷಾಢದಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಹರಿಹರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ನೇಕಾರ ಅಲ್ಲಾಬಕ್ಷ್ ನಮ್ಮ ಕಿಟಕಿಯ ಕೆಳಗೆ ಬೀಡಿ ಹಚ್ಚಿ ಕುಳಿತು, ಮಾತಿಗೆ ಮಾತು ಬಂದು, ತಾನು ಮರುಳಸಿದ್ದಮ್ಮನವರ ಓಣಿಯವನೇ ಎಂದ. ಪ್ರತಿದಿನ ಇವರ ಕೈಯಿಂದಲೇ ಹಾಜರಿ ಬಿಲ್ಲೆ ಇಸಿದುಕೊಂಡವನು. ಇವರು ಯಾರನ್ನೂ ಮಾತಾಡಿಸುವುದಿಲ್ಲವೆಂದು ತಾನಾಗಿ ಹೇಳಿರಲಿಲ್ಲ.

"ಪಂಚಮಿ ಹಿಂದಿನ ದಿನ ತಂಗ್ಯವ್ವರು ಪೆಟ್ಟಿಗೆ ಕಟ್ಕಂಡು ಜಗಲಿ ಮ್ಯಾಲೆ ಕೂತಿರ್ತಿದ್ರು ಸಾಹೇಬ್ರೆ, ಸಂಜಿ ಗಾಡಿ ಹೋಗೋಮಟ. ಈಗ ಮೂರು ವರ್ಷಾತು, ಕೂರದು ಬಿಟ್ಟಾರೆ" ಎಂದು ಪಂಚಾಕ್ಷರಪ್ಪನವರಿಗೆ ಹೇಳಿದ.

ಕರೆಯುವವರಿಲ್ಲದೆ ಕಾರ್ಡು ಹಿಡಿದು ಹೊರಡುವುದು ಹೆಣ್ಣಿಗೆ ಅಪಮಾನ. ಕರೆಯಲು ಬಾ ಎಂದು ತಾನೇ ಬರೆಯುವುದು ತವರಿಗೇ ಅಪಮಾನ. ಇಷ್ಟು ಓಣಿಯ ಮಕ್ಕಳಿಗೂ ತಿಳಿದಿತ್ತು. ಪಂಚಾಕ್ಷರಪ್ಪನವರು ಅಂದು ಕಾಗದಗಳ ಮೇಲೆ ಕಣ್ಣಿಟ್ಟು ಬಹಳ ಹೊತ್ತು ಪುಟ ತಿರುವಲಿಲ್ಲ.

ಆ ವರ್ಷ ಹಬ್ಬದ ಹಿಂದಿನ ದಿನ ಅವರು ನನ್ನನ್ನೂ ಜೊತೆಗೆ ಕರೆದುಕೊಂಡು, ಉಂಡೆಯ ಬುಟ್ಟಿ ಹಿಡಿದು ಹರಿಹರಕ್ಕೆ ಹೋದರು. ಅತ್ತೆ ತೀರಿಕೊಂಡಿದ್ದಳು; ಒಲ್ಲೆನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನರೆಗೂದಲಿನ ಮರುಳಸಿದ್ದಮ್ಮ ಕಾಲಿಗೆ ನೀರು ಕೊಟ್ಟು, ಊಟಕ್ಕಿಟ್ಟು, ಉಂಡೆಗಳನ್ನು ತೆಗೆದುಕೊಂಡು, ಬರಿಬುಟ್ಟಿ ಕಳಿಸಬಾರದೆಂದು ಅದರಲ್ಲಿ ನಾಲ್ಕು ಎಲೆ, ಅಡಿಕೆ ಹಾಕಿ ಕೊಟ್ಟರು. ಇವರು ಕೇಳಿದರು: "ಹಬ್ಬಕ್ಕೆ ಕರಿಯಾಕ ಬಂದೀನಿ. ಬಾರವ್ವ."

"ಇಲ್ಲಣ್ಣ. ಬರ್ತೀಯೋ ಇಲ್ಲೋ ಅಂತ ವರ್ಷಾ ವರ್ಷಾ ಯಾಕ ತಲಿ ಕೆಡಿಸ್ಕೋಬೇಕು? ಅದು ಒಂದ್ಸಲ ತೀರ್ಮಾನ ಆಗೈತೆ."

ಅದು ಚುಚ್ಚುಮಾತಲ್ಲ, ಅಣ್ಣನ ಮಡಿಲಲ್ಲಿ ಬೆಳೆದವಳಿಗೆ ಅಣ್ಣನ ಮಾತೇ ಬಾಯಿಗೆ ಬಂದಿತ್ತು. ಪಂಚಾಕ್ಷರಪ್ಪನವರು ತಲೆಯಾಡಿಸಿ, ಎದ್ದು ಚಪ್ಪಲಿ ಮೆಟ್ಟಿದರು. ಆಕೆ ಹೊಸಿಲೊಳಗೆ ಬಾಗಿಲ ಚೌಕಟ್ಟು ಹಿಡಿದು ನಿಂತು ಅವರ ಬಾಯಿಯನ್ನೇ ನೋಡುತ್ತಿದ್ದರು. ಅದನ್ನು ನಾನು ಕಂಡೆ. ನಾನಾದರೂ ಒಂದು ಮಾತು ಹೇಳಬಹುದಿತ್ತು; ಹಿರಿಯರ ನಡುವೆ ಏಕೆಂದು ಸುಮ್ಮನಾದೆ. ಆ ಮೌನಕ್ಕಾಗಿ ಇಂದಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಗಾಡಿ ಹೊರಟ ಮೇಲೆ ತಣ್ಣನೆಯ ಗಾಳಿ ಬಂತು. ಅವರ ಬೆರಳುಗಳು ಕೋಟಿನೊಳಗಿನ ಕೊಕ್ಕೆಗಳನ್ನು ಹುಡುಕುತ್ತಿದ್ದವು. ತುಕ್ಕು ಹಿಡಿದ ಕೊಕ್ಕೆಗಳು ಕೂಡಲಿಲ್ಲ.

"ಮೂರು ಸಲ ಕೇಳೋದು ಪದ್ಧತಿ, ತೋಟಪ್ಪಾ" ಎಂದರು ನನ್ನತ್ತ ತಿರುಗಿ. "ನಾನು ಒಂದೇ ಸಲ ಕೇಳ್ದೆ."

ಸಂಜೆಯ ಗಾಡಿಗೆ ಮತ್ತೆ ಹೋಗೋಣವೆಂದೆ. ಅವರು ಹೋಗಲಿಲ್ಲ. ಒಲ್ಲೆನಿಸಿಕೊಂಡು ಮತ್ತೆ ಕೇಳುವ ಅಭ್ಯಾಸವೇ ಆ ಜೀವಕ್ಕೆ ತಪ್ಪಿಹೋಗಿತ್ತು.

ಇಂಥವರು ಕೆಟ್ಟವರಲ್ಲ, ಪ್ರೀತಿಯಿಲ್ಲದವರಂತೂ ಅಲ್ಲವೇ ಅಲ್ಲ. ಬದುಕಿನಲ್ಲಿ ಬೇಡದ್ದನ್ನು ಒಂದೊಂದಾಗಿ ಕೆಳಗಿಡುತ್ತ ಹಗುರಾಗಿ ನಡೆಯಬೇಕೆಂದಷ್ಟೇ ಅವರ ಆಸೆ. ಬೇಡದ್ದು ಯಾವುದೆಂದು ಮನೆಯವರನ್ನು ಒಂದು ಮಾತು ಕೇಳುವುದನ್ನೇ ಅವರು ಎಲ್ಲಕ್ಕಿಂತ ಮೊದಲು ಕೆಳಗಿಟ್ಟಿರುತ್ತಾರೆ. ಅಕ್ಕರೆಗೆ ಹತ್ತಿದ ತೊಡಕೆಂದು ಅವರು ಕಿತ್ತು ಬಿಸಾಡಿದ ಆ ಎರಡನೆಯ ಸಲ, ಮೂರನೆಯ ಸಲಗಳಲ್ಲೇ ಅಕ್ಕರೆ ಇತ್ತೆಂಬುದು ಅವರಿಗೆ ತಿಳಿಯುವ ಹೊತ್ತಿಗೆ, ಬೇಕಾದಷ್ಟು ಸಮಯ ಕೈಯಲ್ಲಿ ಉಳಿದಿರುತ್ತದೆ. ಕಾಯುತ್ತ ಜಗಲಿಯ ಮೇಲೆ ಕುಳಿತವರು ಎದ್ದು ಒಳಗೆ ಹೋಗಿರುತ್ತಾರೆ.