ಮಾತಾಡದ ರಾಣಿ

ಗರ್ಟ್ರೂಡಳ ಗಂಟಲಿನ ಆಪರೇಷನ್ ಆದ ವಾರವೇ ನಾನು ವಯೊಲಿನ್ನನ್ನು ಪೆಟ್ಟಿಗೆಗೆ ಹಾಕಿ ಕಪಾಟಿನ ಮೇಲಿಟ್ಟೆ. ಒಂಬತ್ತು ವರ್ಷ ಕುವೈತಿನ ಇಗರ್ಜಿಯಲ್ಲಿ ನಾನು ಬಾರಿಸುತ್ತಿದ್ದೆ, ನನ್ನ ಹೆಂಡತಿ ಹಾಡುತ್ತಿದ್ದಳು. ಗಡ್ಡೆಯ ಜೊತೆಗೆ ಅವಳ ಸ್ವರವೂ ಹೋಯಿತು. ಹಾಡಲಾಗದವಳ ಎದುರು ಬಾರಿಸುವುದೆಂದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ ಎಂದು ನಾನೇ ತೀರ್ಮಾನಿಸಿದೆ. ಅವಳನ್ನು ಕೇಳಲಿಲ್ಲ. ಖೈತಾನಿನ ನಮ್ಮ ಮನೆಯಲ್ಲಿ ಎಂಟು ತಿಂಗಳು ಏ.ಸಿ.ಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

1979ರ ನವೆಂಬರಿನ ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಪೂಜೆ ಮುಗಿಸಿ ಸಿಸಿಲಿಯಾ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸು, ಇಗರ್ಜಿಯಲ್ಲಿ ಗರ್ಟ್ರೂಡ್ ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಿಂತು ಹಾಡುವವಳು. ಯಾವುದೋ ಇಂಗ್ಲಿಷ್ ಶಾಲೆಯ ಟೀಚರು ಕ್ರಿಸ್ಮಸ್ಸಿಗೆ ‘ಮಾಸ್ಕ್’ ಆಡಿಸುತ್ತಾರಂತೆ. ಮುನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಅರಮನೆಯಲ್ಲಿ ರಾಣಿಯರೇ ಮುಖವಾಡ ಹಾಕಿ ಕುಣಿಯುತ್ತಿದ್ದ ಆಟವಂತೆ ಅದು.

“ವಯೊಲಿನ್ನಿಗೆ ನೀವು ಬೇಕು, ಜೆರೋಮ್ ಬಾಬ್. ಹಾಡು ನಂದು. ರಾಣಿ ನಮ್ಮ ಗರ್ಟಿಬಾಯಿ.”

ನನಗೆ ಮೈಯೆಲ್ಲ ಉರಿಯಿತು. “ನಿಂಗೆ ತಲೆ ಸಮ ಉಂಟಾ? ಮಾತು ಹೋದವಳನ್ನು ಸ್ಟೇಜಿಗೆ ಹತ್ತಿಸುದಾ?”

“ರಾಣಿಗೆ ಮಾತೇ ಇಲ್ಲ ಮಾರಾಯ್ರೆ. ಮಾತು, ಹಾಡು ಎಲ್ಲ ಸಂಬಳದ ನಟರದ್ದು. ರಾಣಿ ಕುಣಿಯುದು ಮಾತ್ರ.”

ನಮ್ಮೂರ ಯಕ್ಷಗಾನದಲ್ಲಿ ಮಾತಿಲ್ಲದ ರಾಣಿಯನ್ನು ಯಾರು ಮೂಸುತ್ತಾರೆ? ಇದೆಂಥ ಆಟ ಎಂದು ಬೈಯಲು ಹೊರಟವನು ಗರ್ಟ್ರೂಡಳ ಕಡೆ ತಿರುಗಿದೆ. ಅವಳು ಆಗಲೇ ತಲೆಯಾಡಿಸಿ ಒಪ್ಪಿಯಾಗಿತ್ತು.

ನಾನೂ ಒಪ್ಪಬೇಕಾಯಿತು. ಶಾಲೆಯ ಹಾಲ್‌ನಲ್ಲಿ ಐದು ಶುಕ್ರವಾರ ಪ್ರಾಕ್ಟೀಸು ನಡೆಯಿತು. ನಿಧಾನದ ಕುಣಿತ, ಒಂದು ಹೆಜ್ಜೆ ತಪ್ಪಿದರೂ ಎದ್ದು ಕಾಣುತ್ತದೆ. ಮನೆಗೆ ಬಂದ ಕೂಡಲೇ ನಾನು ಪೆಟ್ಟಿಗೆಯನ್ನು ಮತ್ತೆ ಕಪಾಟಿನ ಮೇಲೆ ಇಡುತ್ತಿದ್ದೆ. ಅವಳು ನೋಡುತ್ತ ನಿಲ್ಲುತ್ತಿದ್ದಳು.

ಆಟದ ದಿನ ಸಿಸಿಲಿಯಾ ಸ್ವರ ಎತ್ತಿದಳು, ನಾನು ಕಮಾನನ್ನು ತಂತಿಗೆ ಇಟ್ಟೆ. ಜನರೆದುರು ಇದನ್ನು ಕೇಳಿ ನನ್ನವಳು ಕುಸಿಯುತ್ತಾಳೆ ಎಂದು ಹೆದರಿದೆ. ಬೆಳ್ಳಿ ಬಣ್ಣದ ಮುಖವಾಡದ ಗರ್ಟ್ರೂಡ್ ಮಾತ್ರ ಒಂದು ಹೆಜ್ಜೆಯನ್ನೂ ತಪ್ಪು ಹಾಕಲಿಲ್ಲ. ಕೊನೆಗೆ ಮುಖವಾಡದವರು ಕೆಳಗಿಳಿದು, ನೋಡುವವರ ಕೈಹಿಡಿದು ಕುಣಿಸಬೇಕು. ಅದು ಆ ಆಟದ ಪದ್ಧತಿ. ಮುಂದಿನ ಸಾಲಿನ ಇಂಗ್ಲಿಷ್ ದೊರೆಗಳು ಟೈ ಸರಿಮಾಡಿಕೊಂಡರು. ಗರ್ಟ್ರೂಡ್ ಅವರನ್ನೆಲ್ಲ ದಾಟಿ ನಾವು ಬಾರಿಸುವವರ ಬೆಂಚಿಗೆ ಬಂದು, ನನ್ನೆದುರು ಕೈ ಚಾಚಿದಳು.

“ನಾನು ಎದ್ರೆ ಬಾರಿಸುದು ಯಾರು?” ಎಂದು ಪಿಸುಗುಟ್ಟಿದೆ.

ಅವಳು ಆ ಕೈಯನ್ನು ವಯೊಲಿನ್ನಿನ ಮೇಲಿಟ್ಟಳು. ನಾನು ಬಾರಿಸುತ್ತ ಹೋದೆ, ಹಾಡು ಮುಗಿಯುವ ತನಕ ಅವಳು ಕೈ ತೆಗೆಯಲಿಲ್ಲ. ಆಮೇಲೆ ಎಲ್ಲರೂ ಮುಖವಾಡ ಕಳಚಿದರು. ಅವಳು ನಗುತ್ತಿದ್ದಳು. ಅತ್ತದ್ದು ನಾನು.

ಮರುದಿನ ಬೆಳಿಗ್ಗೆ ಕಪಾಟಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಮೇಜಿನ ಮೇಲೆ, ನನ್ನ ಚಹಾದ ಪಕ್ಕ, ಬಾಯಿ ತೆರೆದುಕೊಂಡಿತ್ತು. ಕಮಾನಿನ ಅಡಿಯಲ್ಲಿ ಅವಳ ಚೀಟಿ:

“ಡಾಕ್ಟರು ತೆಗೆದದ್ದು ನನ್ನ ಸ್ವರ ಮಾತ್ರ. ಕಿವಿ ಮುಚ್ಚಿಸಿದ್ದು ನೀವು.”