ಹಂಡೆಯ ಅಂಚಿನ ಬೆರಳು

ಹಂಡೆಯ ಕೊರಳಿಗೆ ಸುತ್ತಿದ ಹಾಗಲಬಳ್ಳಿಯ ಮೇಲೆ ಕಿಟಕಿಯ ಸಂಜೆಬಿಸಿಲು, ಇನ್ನು ಹತ್ತು ನಿಮಿಷ ಉಳಿದೀತು, ಅಷ್ಟರೊಳಗೆ ಅಮ್ಮ ಬಂದು ನೀರು ತುಂಬಿದರೆ ಸಾಕು, ಗಿರಿರಾಜ ಕ್ಯಾಮೆರಾ ಹಿಡಿದು ಬಚ್ಚಲ ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತ — ಗೀಸರ್ ಬಂದು ಹನ್ನೆರಡು ವರ್ಷವಾದರೂ ನೀರು ತುಂಬುವ ಹಬ್ಬಕ್ಕೆ ತಾಮ್ರದ ಹಂಡೆ ಅಟ್ಟದಿಂದ ಇಳಿಯಲೇಬೇಕು, ಹುಣಸೆಹಣ್ಣು ಹಾಕಿ ತಿಕ್ಕಲೇಬೇಕು, ಬಳ್ಳಿ ವಿಜಯನಗರದ ಮಾರ್ಕೆಟ್ಟಿನದೇ ಆಗಬೇಕು, ಇಷ್ಟೆಲ್ಲ ಆಗಿ ನಾಳೆ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡವರೆಲ್ಲ ಗೀಸರ್ ನೀರನ್ನೇ ಹುಯ್ದುಕೊಳ್ಳುತ್ತಾರೆ, ಆ ಮಾತು ಬೇರೆ. ಮಾಗಡಿ ರಸ್ತೆಯ ಛತ್ರಗಳಲ್ಲಿ ಇಪ್ಪತ್ತೆರಡು ವರ್ಷ ಗಲ್ಲ ಕೆಳಗೆ ಸಾರ್, ಸ್ವಲ್ಪ ನಗಿ ಮೇಡಂ ಎಂದು ಗಂಟಲು ಹರಿದುಕೊಂಡವನಿಗೆ ಈ ರಜೆಯಲ್ಲಿ ಮನೆಯವರನ್ನು ಇದ್ದ ಹಾಗೇ ತೆಗೆಯುವ ಆಸೆ, ಯಾರೂ ಪೋಸ್ ಕೊಡಬೇಡಿ ಅಂದಿದ್ದೇ ತಡ ಹೆಂಡತಿ ಸೌಮ್ಯಶ್ರೀ ಹೊಸ ಸೀರೆಯುಟ್ಟು ಬಂದಳು, ಇದ್ದ ಹಾಗೆ ಅಂದ್ರೆ ನೈಟೀಲಿ ಇರ್ಬೇಕೇನ್ರೀ, ಮಗಳು ವಚನಾ ಲೆನ್ಸ್ ಕಂಡಲ್ಲೆಲ್ಲ ಎರಡು ಬೆರಳೆತ್ತಿದಳು, ಮಾತು ಕೇಳಿದವಳು ಅಮ್ಮ ಒಬ್ಬಳೇ, ಕ್ಯಾಮೆರಾ ನೋಡ್ಬೇಡಮ್ಮ ಅಂದದ್ದು ಒಂದೇ ಸಲ, ಮೂರು ದಿನವಾಯಿತು, ಒಂದು ಸಲವೂ ನೋಡಿಲ್ಲ. ಅವನ ಮದುವೆಯಲ್ಲಿ ಊರೆಲ್ಲ ಹಾರ ಬದಲಾಯಿಸುವುದನ್ನು ನೋಡುತ್ತಿದ್ದರೆ ಸೆರಗು ಸರಿಮಾಡಿಕೊಂಡು ಕ್ಯಾಮೆರಾವನ್ನೇ ದಿಟ್ಟಿಸಿದ ಕಲ್ಯಾಣಮ್ಮ ಇವಳೇನಾ — ಹೂ ಕಟ್ಟುವಾಗ ಮುಖದ ಹತ್ತಿರಕ್ಕೇ ಲೆನ್ಸ್ ಒಯ್ದ, ರೆಪ್ಪೆ ಕೂಡ ಮಿಟುಕಿಸಲಿಲ್ಲ, ಅದಕ್ಕಿಂತ ಇವತ್ತು ಬೆಳಿಗ್ಗೆಯದು, ಕಾಫಿ ಬಗ್ಗಿಸುತ್ತಿರುವ ಕೈ, ಹಬೆ, ಲೋಟದ ಅಂಚಿನೊಳಗೆ ಕೊಕ್ಕೆಯಂತೆ ಬಾಗಿದ ತೋರುಬೆರಳು, ಆಹಾ ಎಂದು ತಾನೇ ಬೆನ್ನು ತಟ್ಟಿಕೊಂಡು ಸ್ಟುಡಿಯೋದವರ ಗ್ರೂಪಿಗೆ ಹಾಕಿದ್ದ, ಅಮ್ಮ ಸೂಪರ್ ಗುರು, ಎಷ್ಟು ನ್ಯಾಚುರಲ್ಲು.

ಬಂದಳು, ವಚನಾಳ ಹೆಗಲ ಮೇಲೆ ಕೈ, ಮೊಣಕಾಲು ನೋವು ಪಾಪ, ಮಣೆಯ ಮೇಲೆ ಕೂತು ಬಕೆಟ್ಟಿನಿಂದ ಚೊಂಬಿಗೆ, ಚೊಂಬಿನಿಂದ ಹಂಡೆಗೆ, ಶಬ್ದವಿಲ್ಲದ ಶಟರ್ ಒತ್ತಿದ, ಮತ್ತೆ ಒತ್ತಿದ, ಅಜ್ಜಿ ನೀರಲ್ಲಿ ಬೆರಳು ಯಾಕೆ, ತುಂಬಿದ್ದು ಗೊತ್ತಾಗ್ಬೇಕಲ್ಲ ಕಣೇ, ಅದಿರ್ಲಿ, ಗಿರಿ ಎಲ್ಲೇ, ಇದನ್ನ ಫೋಟೋ ತೆಗೀತೀನಿ ಅಂದಿದ್ದ, ಇನ್ನೂ ಬರಲಿಲ್ವಲ್ಲ — ಅವನು ಎರಡು ಮಾರು ದೂರದಲ್ಲಿ, ಎದುರಿಗೇ, ಬಿಸಿಲಲ್ಲೇ ಕೂತಿದ್ದಾನೆ. ಅಯ್ಯೋ ಅಜ್ಜಿ, ನಿನ್ನ ಮುಂದೇನೇ ಕೂತಿದಾರಲ್ಲ ಅಪ್ಪ, ವಚನಾ ಕಿಸಕ್ಕನೆ ನಕ್ಕಳು, ಅಮ್ಮನ ಕೈ ಒಂದು ಕ್ಷಣ ನಿಂತಿತು, ಗೊತ್ತು ಕಣೇ, ತಮಾಷೆಗಂದೆ, ಎಂದು ಅವಳೂ ನಕ್ಕಳು, ಕಿಟಕಿಯ ಕಡೆಗೆ. ಮಾತು ಕೇಳಿದ್ದಲ್ಲ, ನೋಡಬೇಡ ಅಂದದ್ದಕ್ಕೆ ನೋಡದೇ ಇದ್ದದ್ದಲ್ಲ, ಎಂಥ ಮೂಢ ನಾನು, ಹತ್ತಿರ ಹೋಗಿ ಹೋಗಿ ತೆಗೆದೆನಲ್ಲ, ಆ ಕಣ್ಣನ್ನೇ ಫೋಕಸ್ ಮಾಡಿ ತೆಗೆದೆನಲ್ಲ — ಯಾವಾಗಿನಿಂದ ಅಮ್ಮ, ಯಾಕೆ ಹೇಳಲಿಲ್ಲ, ಹೇಳಿದ್ದರೆ ಹಂಡೆ ಮುಟ್ಟಲು ಬಿಡುತ್ತಿದ್ದೆವಾ, ಮೊಣಕಾಲು ನೋವು ಅಂದದ್ದಕ್ಕೇ ಹೋದ ವರ್ಷ ರಂಗೋಲಿ ಬಟ್ಟಲು ಕಿತ್ತಿಟ್ಟೆವು, ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ, ಸುಮ್ಮನೆ ಕೂರುವುದಕ್ಕೇ ಹೆದರಿರಬೇಕು, ಹೇಳಬೇಕು, ಹಬ್ಬ ಮುಗಿದ ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಈಗ ಬೇಡ, ಈಗ ತುಂಬಲಿ, ಅವಳೇ ತುಂಬಲಿ, ಕ್ಯಾಮೆರಾ ಮೊಣಕಾಲ ಮೇಲಿಳಿದಿದೆ, ಬಿಸಿಲು ಬಳ್ಳಿಯಿಂದ ಜಾರಿ ಅಂಚಿಗೆ ಬಂದಿದೆ, ಆ ಬೆರಳಿನ ತುದಿ ಇನ್ನೂ ಕೆಂಪಗಿದೆ, ಬೆಳಿಗ್ಗೆಯ ಕಾಫಿ, ಅಷ್ಟು ಬಿಸಿ ಕಾಫಿ, ಹಬೆ ಚೆನ್ನಾಗಿ ಬಂತು ಎಂದು ಹಿಗ್ಗಿದ್ದೆನಲ್ಲ — ಇನ್ನೊಂದು ಚೊಂಬು, ನೀರು ಏರುತ್ತಿದೆ, ಅಂಚಿನೊಳಗೆ ಬಾಗಿದ ಬೆರಳು, ಕಾಯುತ್ತಿರುವ ಬೆರಳು